ಕೀ ಕೊಟ್ಟ ಕೈ

ಬರೆದುಬಿಟ್ಟರೆ ಮುಗಿಯಿತು, ಆಮೇಲೆ ಅಳಿಸುವ ಮಾತಿಲ್ಲ. ಎಫ್‌ಐಆರ್‌ನಲ್ಲಿ ಆರೋಪಿಯ ಜಾಗ ಖಾಲಿಯಿತ್ತು. ಅಲ್ಲಿ ವಾಚುಗಳಿಗೆ ಬೆಲೆ ಕಟ್ಟುವ ಹೆಂಗಸಿನ ಹೆಸರು ಬರಬೇಕೆಂದು ದೂರುದಾರ ಎದುರಿಗೇ ಕುಳಿತಿದ್ದ. ಅವನು ಹೇಳುವುದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಆದರೂ ಇನ್‌ಸ್ಪೆಕ್ಟರರ ಪೆನ್ನು ಮುಂದೆ ಹೋಗಲಿಲ್ಲ. ಕದಿಯಲು ಬಂದವಳು ಕೆಟ್ಟುನಿಂತ ವಾಚಿನ ಜಾಗದಲ್ಲಿ ಓಡುವ ವಾಚನ್ನು ಏಕೆ ಇಟ್ಟಾಳು?

ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ದೂರುದಾರನ ತಂದೆ ಜೀವಮಾನವಿಡೀ ದುಬಾರಿ ಹಳೆಯ ವಾಚುಗಳನ್ನು ಕೂಡಿಹಾಕಿ, ಹೋದ ವರ್ಷ ತೀರಿಕೊಂಡಿದ್ದರು. ಸೋಮವಾರ ಅವುಗಳ ಮಾರಾಟ. ಮಂಗಳವಾರ ಬೆಲೆ ಕಟ್ಟುವವಳು ಬಂದು ಇಡೀ ಮಧ್ಯಾಹ್ನ ಒಬ್ಬಳೇ ಆ ಕೋಣೆಯಲ್ಲಿದ್ದಳು. ಇವತ್ತು ಬೆಳಿಗ್ಗೆ ತಾಯಿ ಧೂಳು ಒರೆಸುವಾಗ ಬೀರುವಿನೊಳಗಿಂದ ಟಿಕ್ ಟಿಕ್ ಸದ್ದು. ಎಲ್ಲಕ್ಕಿಂತ ಹೆಚ್ಚು ಬೆಲೆ ಬಿದ್ದಿದ್ದ ಚಿನ್ನದ ವಾಚು ಓಡುತ್ತಿತ್ತು. ಅದು ದೂರುದಾರನ ತಾತನದು. ಅದು ಓಡಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಸಲಿಯನ್ನು ತೆಗೆದು ಬೇರೆಯದನ್ನು ಇಟ್ಟಿದ್ದಾರೆ ಎಂಬುದೇ ದೂರು.

"ಕೆಟ್ಟಿದ್ದು ಸರಿಹೋಗಿದೆ ಅಂತ ದೂರು ಬಂದಿದ್ದು ನನ್ನ ಸರ್ವೀಸಲ್ಲೇ ಮೊದಲು ಸರ್," ಎಂದ ಹೆಡ್ ಕಾನ್‌ಸ್ಟೆಬಲ್.

"ನಗೋ ವಿಷಯ ಅಲ್ಲ ರೀ ಇದು!" ದೂರುದಾರ ಸಿಡುಕಿದ.

ಇನ್‌ಸ್ಪೆಕ್ಟರ್ 'ಅಪರಿಚಿತ' ಎಂದು ಬರೆದು ಎದ್ದರು.

ಹನ್ನೊಂದು ಗಂಟೆಗೆ ಮನೆಯಲ್ಲಿ ಪಂಚನಾಮೆ. ಕಬ್ಬಿಣದ ಬೀರು, ಬೀಗ ಮುರಿದ ಗುರುತಿಲ್ಲ. ನೀಲಿ ಮಖಮಲ್ಲಿನ ತಟ್ಟೆಗಳಲ್ಲಿ ಸಾಲಾಗಿ ಮಲಗಿದ್ದ ವಾಚುಗಳೆಲ್ಲ ತೆಪ್ಪಗಿದ್ದವು, ಒಂದನ್ನು ಬಿಟ್ಟು. ಅದನ್ನು ಜಪ್ತಿ ಮಾಡಿ ಸೀಲು ಹಾಕುವ ಮುನ್ನ ಬೆಲೆ ಕಟ್ಟುವವಳನ್ನು ಕರೆಸಿದರು. ಅವಳು ವಾಚಿನ ಬೆನ್ನು ಬಿಚ್ಚಿ, ತನ್ನ ಫೋನಿನ ಚಿತ್ರಕ್ಕೆ ಹೋಲಿಸಿದಳು. ಒಳಗಿನ ನಂಬರೇ ಬೇರೆ.

"ಇದು ಜೋಡಿಸಿದ್ದು ಸರ್. ನಾಲ್ಕಾರು ಹಳೇ ವಾಚಿನ ಭಾಗ ಸೇರಿಸಿದ್ದಾರೆ. ಕೆಲಸ ಮಾತ್ರ ಬಹಳ ಚೆನ್ನಾಗಿದೆ."

"ಚಿತ್ರ ತೆಗೆದಮೇಲೆ ನೀವೇ ಬದಲಾಯಿಸಿರಬಹುದಲ್ಲ ಮೇಡಂ?" ಎಂದ ಮಗ.

ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. "ಸರ್, ಒಂದು ಸಲ ಈ ಮಾತು ಹೊರಗೆ ಬಿದ್ರೆ ಯಾರೂ ನನ್ನ ಕೈಗೆ ವಾಚು ಕೊಡಲ್ಲ. ನನಗೆ ಬೇರೆ ಕೆಲಸ ಬರಲ್ಲ."

"ಪೂರ್ತಿ ಕೀ ಕೊಟ್ರೆ ಇದು ಎಷ್ಟು ಹೊತ್ತು ಓಡುತ್ತೆ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದೂವರೆ ದಿನ. ಎರಡು ದಿನ ದಾಟಲ್ಲ."

"ನೀವು ಬಂದಿದ್ದು ಮಂಗಳವಾರ. ಇವತ್ತು ಶನಿವಾರ." ಇನ್‌ಸ್ಪೆಕ್ಟರ್ ಮಗನತ್ತ ತಿರುಗಿದರು. "ಕೀ ಕೊಟ್ಟಿದ್ದು ಯಾರು?"

"ನಾನು ಊರಲ್ಲೇ ಇರಲಿಲ್ಲ. ರಾತ್ರಿ ಬಂದೆ."

ತಾಯಿ ಸೆರಗಿನ ತುದಿ ತಿರುವುತ್ತ ನಿಂತಿದ್ದರು. "ನಿನ್ನೆ ನಮ್ಮ ಮೈದುನ ಬಂದಿದ್ರು. ಮಾರೋಕೆ ಮುಂಚೆ ವಾಚುಗಳ ಚರ್ಮದ ಪಟ್ಟಿ ಒರೆಸಿಕೊಡ್ತೀನಿ ಅಂತ. ಯಾವಾಗಲೂ ಅವರೇ ಅಲ್ವಾ ರಿಪೇರಿ ಮಾಡ್ತಿದ್ದಿದ್ದು."

"ಅಮ್ಮ, ಸುಮ್ನಿರು! ಚಿಕ್ಕಪ್ಪ ಒಂದು ಟೀ ಕುಡಿಯೋಕೂ ಸಂಕೋಚ ಪಡೋ ಮನುಷ್ಯ."

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಕೈ ಚಾಚಿದರು. "ನಿಮ್ಮ ವಾಚು ಕೊಡಿ."

ಅದು ಕೀ ಕೊಡುವ ಹಳೆಯ ವಾಚು, ಕಾನ್‌ಸ್ಟೆಬಲ್ ಕೀ ಕೊಡದೆ ಬರಿಯ ಶೋಕಿಗೆ ಕಟ್ಟುತ್ತಿದ್ದ. "ಮಾವ ಕೊಟ್ಟಿದ್ದು ಸರ್, ಹುಷಾರು. ನಾನು ಕಳೆದುಹೋದ್ರೂ ಮನೇಲಿ ಕೇಳಲ್ಲ, ಇದನ್ನ ಕೇಳ್ತಾರೆ."

ಮಧ್ಯಾಹ್ನ ಮೂರೂಕಾಲು. ಚಿಕ್ಕಪ್ಪನ ಅಂಗಡಿ ಎರಡು ಮೆಟ್ಟಿಲ ಮೇಲಿನ ಕಿರಿದಾದ ಗೂಡು. ಗೋಡೆಯ ತುಂಬ ಗಡಿಯಾರ, ಎಲ್ಲದರಲ್ಲೂ ಒಂದೇ ಸಮಯ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡಿದ್ದ ಅವನು ಅದನ್ನು ಹಣೆಗೇರಿಸಿ ಎದ್ದುನಿಂತ.

"ಕೂತ್ಕೊಳ್ಳಿ. ಇದನ್ನ ಒಂದು ನಿಮಿಷ ಹಿಡ್ಕೊಂಡಿರಿ," ಎಂದು ಇನ್‌ಸ್ಪೆಕ್ಟರ್ ಕಾನ್‌ಸ್ಟೆಬಲ್‌ನ ನಿಂತ ವಾಚನ್ನು ಅವನ ಕೈಗಿಟ್ಟರು. "ಮುಳ್ಳು ಎಲ್ಲಿದೆಯೋ ಅಲ್ಲೇ ಇರಲಿ. ಸಾಕ್ಷಿಗೆ ಬೇಕು."

"ಆಗಲಿ ಸರ್."

"ನಿನ್ನೆ ಅಣ್ಣನ ಮನೆಗೆ ಹೋಗಿದ್ರಂತೆ."

"ಹೋಗಿದ್ದೆ. ಅತ್ತಿಗೆ ಒಬ್ಬರೇ ಇದ್ರು."

"ಎಷ್ಟು ಹೊತ್ತು ಇದ್ರಿ?"

"ಒಂದು ಗಂಟೆ. ಪಟ್ಟಿ ಒರೆಸಿ ಬಂದೆ, ಅಷ್ಟೆ."

"ಎಷ್ಟು ವಾಚಿಗೆ ಕೀ ಕೊಟ್ರಿ?"

"ಯಾವುದಕ್ಕೂ ಇಲ್ಲ. ಮಾರೋ ವಾಚಿಗೆ ಕೀ ಯಾಕೆ ಸರ್?"

ಇನ್‌ಸ್ಪೆಕ್ಟರ್ ಅವನ ಕೈಯನ್ನೇ ನೋಡುತ್ತಿದ್ದರು. ಅವನೂ ನೋಡಿಕೊಂಡ. ಹೆಬ್ಬೆರಳು ತೋರುಬೆರಳು ವಾಚಿಗೆ ಕೀ ಕೊಡುವ ಗುಂಡಿಯನ್ನು ತಿರುಗಿಸುತ್ತಲೇ ಇದ್ದವು. ಮುಳ್ಳುಗಳು ಆಗಲೇ ಗೋಡೆಯ ಸಮಯಕ್ಕೆ ಬಂದು ನಿಂತಿದ್ದವು. ಕಾನ್‌ಸ್ಟೆಬಲ್‌ನ ವಾಚು ಓಡುತ್ತಿತ್ತು.

"ಅಲ್ಲೇ ಇರಲಿ ಅಂದಿದ್ದೆ," ಎಂದರು ಇನ್‌ಸ್ಪೆಕ್ಟರ್ ಮೆಲ್ಲಗೆ.

ಅವನು ವಾಚನ್ನು ಮೇಜಿನ ಮೇಲಿಟ್ಟ. ಬೆರಳುಗಳನ್ನು ಮಡಚಿ ತೊಡೆಯ ಸಂದಿಯಲ್ಲಿ ಇಟ್ಟುಕೊಂಡ. ಆಮೇಲೆ ತಾನೇ ಕೆಳಗಿನ ಖಾನೆ ಎಳೆದ. ಹತ್ತಿಯ ಬಟ್ಟೆಯಲ್ಲಿ ಸುತ್ತಿದ್ದ ಚಿನ್ನದ ವಾಚು ಸಿಕ್ಕಿತು. ಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಬೆನ್ನು ಬಿಚ್ಚಿಸಿದರು. ಫೋನಿನ ಚಿತ್ರದ ನಂಬರು ಅಲ್ಲಿತ್ತು. ಅದೂ ಓಡುತ್ತಿತ್ತು.

"ಯಾರಿಗೆ ಮಾರಬೇಕು ಅಂತಿದ್ರಿ?"

"ಮಾರೋದಾ?" ಅವನಿಗೆ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. "ಸ್ಪ್ರಿಂಗ್ ಒಂದು ಹೋಗಿತ್ತು ಸರ್. ಬರೀ ಸ್ಪ್ರಿಂಗ್."

"ನಿಮ್ಮಿಂದ ಆ ಬೆಲೆ ಕಟ್ಟೋ ಹೆಂಗಸು ಜೈಲಿಗೆ ಹೋಗ್ತಿದ್ಲು."

ಅವನು ತಲೆ ತಗ್ಗಿಸಿದ. "ಅಷ್ಟು ದೂರ ಯೋಚನೆ ಮಾಡ್ಲಿಲ್ಲ."

ಐದು ಗಂಟೆಗೆ ದಸ್ತಗಿರಿ. ಠಾಣೆಯಲ್ಲಿ ವಾಚನ್ನು ಗುರುತಿಸಿದ ಬೆಲೆ ಕಟ್ಟುವವಳು, ರಿಪೇರಿಯಾದದ್ದರಿಂದ ಇನ್ನು ಇದಕ್ಕೆ ಮೊದಲಿನ ಬೆಲೆ ಬರುವುದಿಲ್ಲ ಎಂದಳು. ಯಾರೂ ಮುಟ್ಟದೆ ಉಳಿದದ್ದೇ ಅದರ ಬೆಲೆಯಾಗಿತ್ತು. ತನ್ನ ಮೇಲೆ ಪ್ರಕರಣವಿಲ್ಲ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಹೊರಟಳು. ಮಗ ಅವಳ ಮುಖ ನೋಡಲಾರದೆ ಬಾಗಿಲಿನಿಂದ ಸರಿದು ದಾರಿ ಬಿಟ್ಟ.

ಚಿಕ್ಕಪ್ಪನ ಹೇಳಿಕೆ ಒಂದೇ ಪುಟದಲ್ಲಿ ಮುಗಿಯಿತು. ಮನೆಗೆ ಯಾರೇ ಬರಲಿ, ಅಣ್ಣ ಆ ವಾಚನ್ನು ತೆಗೆದು, "ಇದಕ್ಕೆ ಯಾವ ರಿಪೇರಿಯವನ ಕೈಯೂ ಬಿದ್ದಿಲ್ಲ" ಎನ್ನುತ್ತಿದ್ದನಂತೆ. ಆಗೆಲ್ಲ ಉಳಿದ ವಾಚುಗಳ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದವನು ತಮ್ಮ. ಮೂವತ್ತು ವರ್ಷ ಅಣ್ಣನ ವಾಚುಗಳನ್ನೆಲ್ಲ ಓಡಿಸಿಕೊಟ್ಟವನು, ಅಪ್ಪನ ಆ ಚಿನ್ನದ ವಾಚನ್ನೂ ಒಂದು ಸಲ ಕೊಡು ನೋಡುತ್ತೇನೆ ಎಂದು ಅಣ್ಣನಿಗೆ ಒಮ್ಮೆಯೂ ಹೇಳಿರಲಿಲ್ಲ.