ಹೊಟ್ಟೆಕಿಚ್ಚಿನ ಮಸಿ

ಬಹಳ ಹಿಂದೆ, ನೀರಂಗಿ ಎಂಬ ರಾಜ್ಯದಲ್ಲಿ, ಚಿತ್ರ ಬರೆಯುವ ಅಕ್ಕತಂಗಿಯರಿದ್ದರು. ಅಕ್ಕ ನಿಂಗಾಜಿ, ತಂಗಿ ಸಣ್ಣೀರಿ. ಒಂದು ದಿನ ಚೀನಾದೇಶದ ರೇಷ್ಮೆ ವ್ಯಾಪಾರಿಯೊಬ್ಬ ಅರಮನೆಗೆ ಬಂದು ತನ್ನ ನಾಡಿನ ಹಳೆಯ ಪದ್ಯ ಹೇಳಿದ: "ದೋಣಿ ಹೋಯಿತು, ನೀರು ಇನ್ನೂ ಅಲುಗುತ್ತಿದೆ."

ರಾಜ ಅಕ್ಕತಂಗಿಯರನ್ನು ಕರೆಸಿದ. "ಈ ಪದ್ಯಕ್ಕೆ ಮಸಿಯಲ್ಲಿ ಚಿತ್ರ ಬರೆಯಿರಿ. ಗೆದ್ದವಳು ಅರಮನೆಯಲ್ಲಿರಲಿ, ಸೋತವಳು ರಾಜ್ಯ ಬಿಡಲಿ."

ಅರಮನೆಯಲ್ಲಿ ಖಾಲಿ ಕೋಣೆಗಳಿಗೆ ಲೆಕ್ಕವಿರಲಿಲ್ಲ. ಆದರೂ ಒಬ್ಬಳಿಗೇ ಜಾಗ. ಬಡವರು ಕಿತ್ತಾಡುವುದನ್ನು ನೋಡುವುದು ದೊರೆಗಳಿಗೆ ಹಳೆಯ ಚಟ.

ನಿಂಗಾಜಿ ದೋಣಿ ಬರೆದಳು, ಹುಟ್ಟು ಬರೆದಳು, ಅಂಬಿಗನ ಮೀಸೆಯನ್ನೂ ಬರೆದಳು. ಸಣ್ಣೀರಿ ಅದೇನನ್ನೂ ಬರೆಯಲಿಲ್ಲ. ಒಂದು ದಪ್ಪ ಗೀಟು ಎಳೆದಳು. ಅದು ತೆಳುವಾಗುತ್ತ ಹೋಗಿ ಬರೀ ಬಿಳಿ ಉಳಿಯಿತು. ಅದನ್ನು ನೋಡಿದವರಿಗೆಲ್ಲ ಬಿಟ್ಟುಹೋದವರು ನೆನಪಾದರು. ರಾಜನೂ ತೀರಿಹೋದ ತಾಯಿಯನ್ನು ನೆನೆದು ಅತ್ತ, ಸಣ್ಣೀರಿಯೇ ಗೆದ್ದಳು ಎಂದ.

ನಿಂಗಾಜಿ ಚಿತ್ರ ನೋಡಲಿಲ್ಲ. ರಾಜನ ಕಣ್ಣೀರನ್ನಷ್ಟೇ ನೋಡಿದಳು.

"ಕೋಳಿ ಕೆದರಿದ್ರೂ ಇದಕ್ಕಿಂತ ಚೆನ್ನಾಗಿರುತ್ತೆ," ಎಂದಳು.

"ಅಕ್ಕಾ, ನಾನೂ ನಿನ್ ಜೊತೆ ಬರ್ತೀನಿ."

"ಗೆದ್ದವಳ ಕನಿಕರ ನನಗೆ ಬೇಡ ಕಣೆ."

ನಿಂಗಾಜಿ ಒಬ್ಬಳೇ ಹೊರಟಳು. ಊರ ಬಾಗಿಲಲ್ಲಿ ಮಸಿಗಣ್ಣ ಎಂಬ ಮಾಂತ್ರಿಕ ಕೂತಿದ್ದ. "ಅಮ್ಮಯ್ಯ, ಹೊಟ್ಟೆಕಿಚ್ಚು ಅಂತಾರೆ. ಕಿಚ್ಚಿದ್ದ ಕಡೆ ಮಸಿ ಇರಲೇಬೇಕಲ್ಲ? ಬಾಯಿ ತೆಗಿ."

ಅವಳ ಬಾಯಿಗೆ ಹೆಂಚು ಹಿಡಿದ. ಕರೀ ಮಸಿ ಕಟ್ಟಿತು. ಅದರಲ್ಲಿ ಇಲಿ ಬರೆದ. ಇಲಿ ಎದ್ದು ಸಣ್ಣೀರಿಯ ಚಿತ್ರ ಕಡಿಯಲು ಓಡಿತು. ಚಿತ್ರ ನೋಡಿತು, ಅತ್ತಿತು, ತನ್ನ ಕಣ್ಣೀರಲ್ಲೇ ಕರಗಿತು.

ಮತ್ತೆ ಹೆಂಚು ಹಿಡಿದ. ಇನ್ನೂ ದಪ್ಪ ಮಸಿ. ಹಾವು ಬರೆದ. ಹಾವು ಹೋಯಿತು, ನೋಡಿತು, ಅತ್ತಿತು, ಕರಗಿತು.

ಮೂರನೆಯ ಸಲ ಹೆಂಚೇ ಕೆಂಪಗಾಯಿತು. ಮಸಿಗಣ್ಣ ಹುಲಿ ಬರೆದ, ಕಣ್ಣು ಬರೆಯಲಿಲ್ಲ. "ಕಂಡರೆ ತಾನೇ ಅಳೋದು?"

"ಚಿತ್ರ ಹರಿದರೆ ಸಾಕು," ಎಂದಳು ನಿಂಗಾಜಿ.

"ಕುರುಡು ಹುಲಿ, ಅಮ್ಮಯ್ಯ. ಯಾವುದು ಚಿತ್ರ, ಯಾವುದು ತಂಗಿ, ಅದಕ್ಕೇನು ಗೊತ್ತು?" ಹುಲಿ ಎದ್ದು ಮೂಸುತ್ತ ಅರಮನೆಯತ್ತ ಹೊರಟಿತು.

ಒಂದು ಗಳಿಗೆ ನಿಂಗಾಜಿ ಸುಮ್ಮನೆ ನಿಂತಳು. ಸುಳ್ಳು ಯಾಕೆ ಹೇಳಲಿ, ನಿಂತಳು. ಆಮೇಲೆ ಓಡಿದಳು.

ಸಣ್ಣೀರಿ ಚಿತ್ರದ ಮುಂದೆ ಬಟ್ಟೆಗಂಟು ಕಟ್ಟುತ್ತಿದ್ದಳು. ನಿಂಗಾಜಿ ನುಗ್ಗಿ ಅವಳನ್ನು ತಬ್ಬಿಕೊಂಡಳು. ಹುಲಿ ಇಬ್ಬರ ಮೇಲೂ ಎಗರಿತು. ತಂಗಿಯ ಹೆಗಲಾಚೆ, ಮೊದಲ ಸಲ, ನಿಂಗಾಜಿಯ ಕಣ್ಣು ಚಿತ್ರದ ಮೇಲೆ ಬಿತ್ತು. ಆ ಬಿಳಿ ಜಾಗ ಕಂಡಿತು. ಸಣ್ಣೀರಿ ಇಲ್ಲದ ಮನೆ ಹಾಗೇ ಇರುತ್ತದೆ ಎಂದು ತಿಳಿಯಿತು. ಅವಳು ಅತ್ತಳು. ಕಣ್ಣೀರು ಹುಲಿಯ ಪಂಜಕ್ಕೆ ಬಿತ್ತು. ಪಂಜ ಕರಗಿತು, ತಲೆ ಕರಗಿತು, ನೆಲದ ಮೇಲೆ ಬರೀ ಕರೀ ನೀರು. ಹೊಟ್ಟೆಯ ಕಿಚ್ಚು ಆರಿತು. ಕಂಡವರ ಕಿಚ್ಚಿನಲ್ಲಿ ಚಳಿ ಕಾಯಿಸಿಕೊಂಡು ಬದುಕಿದ್ದ ಮಸಿಗಣ್ಣ ಬೂದಿಯಾಗಿ ಉದುರಿಹೋದ.

"ಆದರೂ ಸೋತವಳು ಹೋಗಬೇಕು," ಎಂದ ರಾಜ.

"ಹೋಗ್ತೀವಿ, ಇಬ್ಬರೂ," ಎಂದಳು ಸಣ್ಣೀರಿ. ಅವರ ಹಿಂದೆ ಅಡುಗೆಯವರು ಸೌಟು ಇಟ್ಟು ಹೊರಟರು. ನೀರು ಹೊರುವವರು ಕೊಡ ಇಳಿಸಿದರು. ಹಸಿದ ರಾಜ ಮಧ್ಯಾಹ್ನದೊಳಗೆ ಅಪ್ಪಣೆ ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ನೀರಂಗಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ರಾಜನಿಗೆ ಮಾತ್ರ ಕಿತ್ತಾಟ ನೋಡದೆ ಇರುವುದು ಮೊದಮೊದಲು ಕಷ್ಟವಾಯಿತು. ಕಲಿತುಕೊಂಡ.