ಮನೆಯವರಿಗೆ ಮಾತ್ರ

"ಅಂಡಾಶಯದ ಕ್ಯಾನ್ಸರ್, ಮೂರನೆಯ ಹಂತ. ಈಗ ನಡೆಯುತ್ತಿರುವ ನಾನೂರ ಹನ್ನೆರಡು ಪ್ರಯೋಗಗಳನ್ನು ನೋಡಿದೆ. ಒಂದು ಹೊಂದುತ್ತದೆ. ಹುಬ್ಬಳ್ಳಿಯಲ್ಲೇ ಇದೆ. ಉಳಿದಿರುವುದು ಒಂದೇ ಜಾಗ, ಇಂದು ಸಂಜೆ ಐದರವರೆಗೆ," ಎಂದಿತು ಕೈಮರ ಎಂಬ ಯಂತ್ರ.

ಗದಗಿನ ಆ ಆಸ್ಪತ್ರೆಯ ಕೋಣೆಯಲ್ಲಿ ಇದನ್ನು ಕೇಳುತ್ತಿದ್ದವರು ಇಬ್ಬರೇ. ಒಬ್ಬಳು ಯಂತ್ರವನ್ನು ಕಟ್ಟಿದ ವಿಜ್ಞಾನಿ ನೀಲಾಂಬಿಕಾ ಹಾವನೂರ. ಇನ್ನೊಬ್ಬ ವೀರೇಶ. ರೋಗ ಇದ್ದದ್ದು ಅವನ ಹೆಂಡತಿ ವಿದ್ಯಾಶ್ರೀಗೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

ಹೊಸ ಔಷಧವನ್ನು ಎಲ್ಲರಿಗೂ ಕೊಡುವ ಮೊದಲು, ಒಪ್ಪಿಕೊಂಡ ರೋಗಿಗಳಿಗೆ ಕೊಟ್ಟು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಾರೆ. ಒಂದು ಕಾಲದಲ್ಲಿ ಇಂಥ ಪ್ರಯೋಗ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ರೋಗಿಯ ಆಯಸ್ಸೇ ಮುಗಿಯುತ್ತಿತ್ತು. ಕೈಮರ ಗಡ್ಡೆಯ ವಂಶವಾಹಿಗಳನ್ನು ಓದಿ, ಹಿಂದೆ ಕೊಟ್ಟ ಮದ್ದುಗಳನ್ನು ತಾಳೆ ನೋಡಿ, ಎಲ್ಲಿಗೆ ಹೋಗಬೇಕೆಂದು ಅರೆ ಗಳಿಗೆಯಲ್ಲಿ ತಿಳಿಗನ್ನಡದಲ್ಲಿ ಹೇಳುತ್ತಿತ್ತು. ಆದರೂ ಅದು ದಾರಿ ತೋರಿಸಿದ ಹೆಂಗಸರಲ್ಲಿ ಮುಕ್ಕಾಲು ಪಾಲು ಪ್ರಯೋಗಕ್ಕೆ ಸೇರುತ್ತಲೇ ಇರಲಿಲ್ಲ. ಯಾಕೆ ಎಂದು ನೋಡಲು ನೀಲಾಂಬಿಕಾ ಖುದ್ದಾಗಿ ಬಂದಿದ್ದಳು.

ವೀರೇಶ ಪರದೆಯ ಮೇಲಿನ 'ಬೇಡ' ಗುಂಡಿಯತ್ತ ಬೆರಳು ಚಾಚಿದ.

"ಅಣ್ಣಾರ, ತಡೀರಿ. ಅವರನ್ನ ಒಂದ್ ಮಾತು ಕೇಳೂದಿಲ್ಲೇನು?"

"ಆಕಿಗೆ ಹೊಟ್ಟ್ಯಾಗ ನೀರು ತುಂಬೇತಿ ಅಂತಷ್ಟ ಹೇಳೇವ್ರಿ. ಕ್ಯಾನ್ಸರ್ ಅಂದ್ರ ಎದಿ ಒಡದ ಸಾಯ್ತಾಳ. ಮ್ಯಾಲ ಈ ಪ್ರಯೋಗ ಅನ್ನೂದು ಇಲಿ ಮ್ಯಾಲ ಮಾಡೂದ್ರಿ, ಮಂದಿ ಮ್ಯಾಲ ಅಲ್ಲ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋದ್ರ ಮನ್ಯಾಗ ಯಾರು ಮಾಡ್ತಾರ?"

ಕೊನೆಯ ಮಾತನ್ನು ಅವನು ಉಳಿದವುಗಳಷ್ಟೇ ಸಹಜವಾಗಿ ಆಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು ಇದು. ನೀಲಾಂಬಿಕಾಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಈ ಪೂಜಾರಿಯನ್ನು ನೇಮಿಸಿದವಳು ತಾನೇ. ಯಂತ್ರ ರೋಗಿಯ ಮುಖಕ್ಕೇ ಕ್ಯಾನ್ಸರ್ ಎನ್ನುತ್ತದೆ ಎಂದು ಆಸ್ಪತ್ರೆಗಳು ಮೊದಮೊದಲು ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಹೇಗಾದರೂ ಜನರ ನಡುವೆ ಬರಲಿ ಎಂದು ಅವಳು 'ಮನೆಯವರಿಗೆ ಮಾತ್ರ' ಎಂಬ ಏರ್ಪಾಡು ಸೇರಿಸಿದಳು. ಅದರ ಪ್ರಕಾರ ರೋಗದ ಹೆಸರನ್ನು ಯಂತ್ರ ಮನೆಯವರಿಗಷ್ಟೇ ಹೇಳುತ್ತದೆ. ಪ್ರಯೋಗಕ್ಕೆ 'ಹೌದು' ಅನ್ನಲು ರೋಗಿಯ ದನಿ ಬೇಕು. 'ಬೇಡ' ಅನ್ನಲು ಮನೆಯವರ ಬೆರಳು ಸಾಕು.

ಅವಳು ಎದ್ದು ಬಾಗಿಲು ತೆರೆದಳು. "ನೀವು ಒಳಗ ಬರ್ರಿ ಅಕ್ಕಾರ."

"ಏ, ಬ್ಯಾಡ ಬ್ಯಾಡ!" ಎನ್ನುತ್ತ ವೀರೇಶ ಅಡ್ಡ ಬಂದ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ದಲಾಲರ ಬಾಯಿ ಮುಚ್ಚಿಸಿದ ಹೆಂಗಸು ವಿದ್ಯಾಶ್ರೀ. ಊದಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಗಂಡನನ್ನು ಸರಿಸಿಕೊಂಡೇ ಒಳಗೆ ಬಂದಳು. ನೀಲಾಂಬಿಕಾ ವಿಷಯ ಎತ್ತುವ ಮೊದಲೇ ಕೈ ತೋರಿಸಿ ತಡೆದಳು.

"ನಂಗ ಗೊತ್ತೈತ್ರಿ, ಕ್ಯಾನ್ಸರ್ ಅಂತ. ಆರು ತಿಂಗಳಾತು. ಒಬ್ಬಾಕಿನ ಹಾವೇರಿಗೆ ಹೋಗಿ ಅಲ್ಲೀ ಕೈಮರಕ್ಕ ಕೇಳಿದ್ದೆ, ನಂಗೇನಾಗೇತಿ, ಯಾವ ಪ್ರಯೋಗಕ್ಕ ಹೋಗ್ಲಿ ಅಂತ. 'ಗಾಬರಿಪಡುವಂಥದ್ದೇನೂ ಇಲ್ಲ ಅಮ್ಮಾ, ಮನೆಯವರನ್ನು ಕರೆದುಕೊಂಡು ಬನ್ನಿ' ಅಂತು. ಅಷ್ಟು ಸವಿ ಮಾತಾಡಿದ್ರ ನಂಗ ತಿಳೀತೈತಿ, ಸರಕು ಕೆಟ್ಟೈತಿ ಅಂತ." ನೀಲಾಂಬಿಕಾಳನ್ನು ದಿಟ್ಟಿಸಿ ನೋಡಿದಳು. "ಆ ದನಿ ನಿಮ್ದ ಅಲ್ರಿ?"

ಹೌದು, ಕೈಮರಕ್ಕೆ ದನಿ ಕೊಟ್ಟವಳೂ ನೀಲಾಂಬಿಕಾಳೇ. ಆ ವಾಕ್ಯವನ್ನು ಇನ್ನಷ್ಟು ಮೃದುವಾಗಿರಲಿ ಎಂದು ಒಂಬತ್ತು ಸಲ ಓದಿ ಧ್ವನಿಮುದ್ರಿಸಿದ್ದಳು. ಈಗ ತನ್ನ ಗಂಟಲೇ ತನಗೆ ಹೇಸಿಗೆಯಾಯಿತು.

"ಆವಾಗ ಎಷ್ಟು ಪ್ರಯೋಗ ಹೊಂದತಿದ್ದುವು?" ವಿದ್ಯಾಶ್ರೀ ಕೇಳಿದಳು.

"ಮೂರು," ಎಂದಳು ನೀಲಾಂಬಿಕಾ, ಪರದೆಯಲ್ಲಿ ಹಾವೇರಿಯ ದಾಖಲೆ ತೆರೆದು ನೋಡಿ.

"ಈಗ?"

"ಒಂದು."

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.

ನೀಲಾಂಬಿಕಾ ಯಂತ್ರವನ್ನು ಬಂದ್ ಮಾಡಿ, ಪ್ರಯೋಗದ ಒಪ್ಪಿಗೆ ಕಾಗದವನ್ನು ತಾನೇ ಓದಿ ಹೇಳಿದಳು. ವಿದ್ಯಾಶ್ರೀ ಪೇಟೆಯಲ್ಲಿ ಚೀಲ ಬಿಚ್ಚಿ ನೋಡುವವಳ ಹಾಗೆ ಒಂದೊಂದನ್ನೂ ಕೆದಕಿದಳು. ಹೊಸ ಮದ್ದು ಎಲ್ಲರಿಗೂ ಸಿಗುತ್ತದೋ? ಇಲ್ಲ, ಅರ್ಧ ಮಂದಿಗೆ. ಉಳಿದವರಿಗೆ ಈಗಿರುವ ಒಳ್ಳೆಯ ಚಿಕಿತ್ಸೆ. ಯಾರಿಗೆ ಯಾವುದೆಂದು ಆರಿಸುವವರು ಯಾರು? ಯಾರೂ ಅಲ್ಲ, ಚೀಟಿ ಎತ್ತಿದಂತೆ. ನಡುವೆ ಬಿಡಬಹುದೋ? ಯಾವತ್ತು ಬೇಕಾದರೂ. ವಾಸಿಯಾಗುತ್ತದೋ?

"ಗೊತ್ತಿಲ್ರಿ. ಅದನ್ನ ತಿಳ್ಕೊಳ್ಳಾಕ ಈ ಪ್ರಯೋಗ."

"ಇದೊಂದು ಖರೇ ಮಾತು. ಬರ್ಕೋರಿ, ನನ್ನ ಒಪ್ಪಿಗಿ ಐತಿ."

ಗಂಡನಿಗೆ ಅವಳು ಬೈಯಲಿಲ್ಲ. ನೀಲಾಂಬಿಕಾ ಬೈಯಲು ಬಾಯಿ ತೆರೆದಾಗ ಬೇಡವೆಂದು ತಲೆಯಾಡಿಸಿದಳು.

"ಇವರಿಗೇನಂತೀರಿ, ನಿಮ್ಮ ಯಂತ್ರಕ್ಕರೆ ಏನಂತೀರಿ? ನಮ್ಮವ್ವಗೂ ಇದ ರೋಗ. ಎರಡ್ ಸಾವಿರದ ಇಪ್ಪತ್ತಾರನೇ ಇಸವಿ. ಅವಾಗ ಕೈಮರ ಎಲ್ಲಿಂದ ಬರಬೇಕು? ಅಪ್ಪ, ಕಾಕಾ, ನಾನು ಎಲ್ಲಾರೂ ಡಾಕ್ಟರ್ ಕೋಣ್ಯಾಗ ಹೊಕ್ಕಿದ್ವಿ. ಅವ್ವನ್ನ ಹೊರಗ ಬೆಂಚಿನ ಮ್ಯಾಲ ಕೂಡ್ಸಿದ್ವಿ. 'ಏನಂತ ಹೇಳಿದ್ರವ್ವಾ ಒಳಗ?' ಅಂತ ನನ್ನ ಕೈ ಹಿಡದು ಕೇಳಿದ್ಲು. ಇಪ್ಪತ್ತು ವರ್ಸದಾಕಿ ನಾನು, ಕಾಲೇಜು ಕಲಿತಾಕಿ. 'ಗ್ಯಾಸ್ ಆಗೇತಂತ ಬೇ' ಅಂದೆ."