ಮೂರು ಎಂದಾಗ

ಜೂನ್ ಹದಿನಾಲ್ಕು, ಶನಿವಾರ. ಶಾಲೆಯ ಸಭಾಂಗಣದಲ್ಲಿ ಇಪ್ಪತ್ತಮೂರು ಮಂದಿ ಸಿಬ್ಬಂದಿ, ಇಪ್ಪತ್ತನಾಲ್ಕು ಕುರ್ಚಿ. ಖಾಲಿ ಕುರ್ಚಿ, ಭಾರ ಎತ್ತುವ ಕ್ರಮ ಕಲಿಸಲು ಬರುವ ತರಬೇತುದಾರನದು.

ಅವನು ಒಳಗೆ ಬಂದ. ಗ್ರಂಥಪಾಲಕಿ ತಟ್ಟನೆ ಗುರುತು ಹಿಡಿದಳು.

ಇವನೇ...

ನಾಲ್ಕು ವರ್ಷಗಳ ಹಿಂದೆ ಅವನು ಇದೇ ಶಾಲೆಯ ಅಟೆಂಡರ್. ಒಂದು ಸಂಜೆ ಅವಳ ಮನೆಗೆ ಬಂದು, ಅವಳನ್ನು ಮದುವೆಯಾಗಲು ಅಮ್ಮನ ಒಪ್ಪಿಗೆ ಕೇಳುವವನಿದ್ದ. ಅಂದೇ ಮಧ್ಯಾಹ್ನ ಇಬ್ಬರೂ ಪುಸ್ತಕದ ಬೀರು ಎತ್ತಿದರು. ಅವನು ಎಣಿಸಿದ. ‘ಮೂರು’ ಎನ್ನುತ್ತಲೇ ಅವಳು ಎತ್ತಿದಳು. ಅವನು ಇನ್ನೂ ಎತ್ತಿರಲಿಲ್ಲ. ಬೀರು ಅವನ ಮೇಲೆ ವಾಲಿ ಬೆನ್ನೆಲುಬು ಬಿರಿಯಿತು.

ಆಸ್ಪತ್ರೆಯ ಬಾಗಿಲಲ್ಲೇ ಅವನ ಅಕ್ಕ ಅವಳನ್ನು ತಡೆದಿದ್ದಳು. "ನಿನ್ನ ಮುಖ ನೋಡಲ್ಲ ಅಂತಿದಾನೆ. ಹೋಗಮ್ಮ."

"ಭಾರ ಮೈಗೆ ಹತ್ತಿರ ಇರಲಿ," ಈಗ ಅವನು ಹೇಳುತ್ತಿದ್ದ. "ಮಂಡಿ ಬಗ್ಗಿಸಿ, ಬೆನ್ನು ಬಗ್ಗಿಸಬೇಡಿ. ತಿರುಗಬೇಕಾದ್ರೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ."

"ಸಾರ್, ನಮ್ಮ ಹೆಡ್ ಮೇಡಂ ಸಿಟ್ಟು ಇಳಿಸೋಕೆ ಎಷ್ಟು ಜನ ಬೇಕು?" ಎಂದ ಮುದುಕ ಕಾವಲುಗಾರ.

"ಅದಕ್ಕೆ ತರಬೇತಿ ಇಲ್ಲಪ್ಪ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅಭ್ಯಾಸಕ್ಕೆಂದು ತಂದಿದ್ದ ಒಂದು ಪೆಟ್ಟಿಗೆಯನ್ನೂ ಅವನು ತಾನೇ ಎತ್ತಲಿಲ್ಲ. ಅಂಗಿಯೊಳಗೆ ಬೆನ್ನಿನ ಪಟ್ಟಿ ಕಾಣುತ್ತಿತ್ತು. ಅದು ತಾನು ಕೊಟ್ಟದ್ದು. ಯಾವ ಕ್ಷಮೆ ಕೇಳಿದರೂ ಆ ಎಲುಬು ಮೊದಲಿನಂತಾಗದು...

"ಇಬ್ಬರು ಎತ್ತುವಾಗ ಮೊದಲೇ ಮಾತಾಡಿಕೊಳ್ಳಿ. ಮೂರು ಅಂದಾಗ ಎತ್ತೋದಾ, ಆದ ಮೇಲಾ? ನಾನೊಮ್ಮೆ ಕೇಳಲಿಲ್ಲ. ಎಣಿಸಿದವನು ನಾನು, ತಪ್ಪೂ ನಂದೇ."

ಸಭಾಂಗಣ ಖಾಲಿಯಾದ ಮೇಲೆ ಅವಳು ಕೇಳಿದಳು. "ತಪ್ಪು ನಿಮ್ಮದಾದ್ರೆ, ನನ್ನ ಮುಖ ಯಾಕೆ ನೋಡಲಿಲ್ಲ?"

"ಹಾಗೆ ಹೇಳಿದಳಾ ಅಕ್ಕ?" ಅವನು ಕುರ್ಚಿಯಲ್ಲಿ ಕುಳಿತ. "ಹೊರಳೋಕೂ ಇನ್ನೊಬ್ಬರು ಬೇಕಿತ್ತು. ಆ ಸ್ಥಿತೀಲಿ ನೀವು ನನ್ನ ನೋಡೋದು ಬೇಡ ಅಂದಿದ್ದೆ, ಅಷ್ಟೇ."

"ಎರಡು ಸಾಲು ಬರೆಯಬಹುದಿತ್ತು."

"ಐದು ಕಿಲೋ ಮೇಲೆ ಎತ್ತುವಂತಿಲ್ಲ ನಾನು. ನಿಮಗೆ ಹೊರೆ ಆಗ್ತೀನಿ ಅಂತ ಸುಮ್ಮನಾದೆ."

"ಆ ಹುಡುಗ ಯಾವಾಗ ಬರ್ತಾನೆ ಅಂತ ಅಮ್ಮ ಕೊನೇವರೆಗೂ ಕೇಳಿದಳು. ಅವಳು ಹೋಗಿ ಎರಡು ವರ್ಷ ಆಯ್ತು."



"ಇನ್ನು ಒಪ್ಪಿಗೆ ಯಾರನ್ನ ಕೇಳಲಿ?"

"ನನ್ನನ್ನ."

ಅವನು ಕೇಳಿದ. ಅವಳು ಕಣ್ಣೊರೆಸಿಕೊಂಡು ಹೂಂ ಎಂದಳು. ಆಮೇಲೆ ಅವನ ಪೆಟ್ಟಿಗೆಯ ಬಳಿ ಮಂಡಿ ಬಗ್ಗಿಸಿ ಕುಳಿತಳು.

"ಎಷ್ಟಿದೆ ಇದು?"

"ಎಂಟು ಕಿಲೋ."

"ನಾಲ್ಕು ನಿಮಗೆ, ನಾಲ್ಕು ನನಗೆ. ಯಾವಾಗ ಎತ್ತೋದು?"

"ನೀವೇ ಹೇಳಿ."

"ಮೂರು ಅಂದಾಗ."

ಈ ಸಲ ಎಣಿಸಿದವಳು ಅವಳು. ಪೆಟ್ಟಿಗೆ ವಾಲಲಿಲ್ಲ. ಅಮ್ಮನನ್ನು ಕೇಳಬೇಕಾಗಿದ್ದ ಆ ಒಂದು ಮಾತು ಮಾತ್ರ ಬಾಕಿಯೇ ಉಳಿಯಿತು.